ಪರಾತದೊಳಗಿನ ಕೊಜೆಲ್ಸ್ಕ್

ರೊಟ್ಟಿ ಬಡಿಯುವ ಮೊದಲು ಹಿಟ್ಟಿನಲ್ಲಿ ಒಂದು ಊರು ಕಟ್ಟದಿದ್ದರೆ ಕುಲಕರ್ಣಿ ಮಾಸ್ತರರಿಗೆ ಕೈ ಓಡುತ್ತಿರಲಿಲ್ಲ. ಪರಾತವೆಂಬ ಅಗಲ ತಟ್ಟೆಗೆ ಜೋಳದ ಹಿಟ್ಟು ಸುರಿದು, ಬೆರಳಿನಿಂದ ಜಿಜ್ದ್ರಾ ನದಿಯನ್ನು ಕೊರೆದು, ಅದರ ದಂಡೆಯ ಮೇಲೆ ದಿಬ್ಬ ಎಬ್ಬಿಸಿ, ಸುತ್ತ ಕೋಟೆ ಎಳೆಯುತ್ತಿದ್ದರು. ಅದು ರಷ್ಯಾದ ಕೊಜೆಲ್ಸ್ಕ್ ಎಂಬ ಪುಟ್ಟ ಊರು. ಆಮೇಲೆ ಬಿಸಿನೀರು ಹಾಕಿ ಊರನ್ನೇ ನಾದಿಬಿಡುತ್ತಿದ್ದರು.

ಧಾರವಾಡದವರು, ಕುವೈತಿನ ಮೈದಾನ್ ಹವಲ್ಲಿಯಲ್ಲಿ ನಮ್ಮ ಎದುರು ಮನೆಯ ಒಂಟಿಜೀವ, ಶಾಲೆಯಲ್ಲಿ ಭೂಗೋಳ ಕಲಿಸುತ್ತಿದ್ದರು. ಕೊಜೆಲ್ಸ್ಕಿಗೆ ಒಮ್ಮೆಯೂ ಹೋದವರಲ್ಲ. ಯಾವುದೋ ಹಳೆಯ ಪತ್ರಿಕೆಯಲ್ಲಿ ಓದಿ ಮನಸೋತದ್ದು. ಆದರೂ ಅಲ್ಲಿ ಹಿಮ ಕರಗಿದಾಗ ನೆರೆ ಎಲ್ಲಿಯವರೆಗೆ ಏರುತ್ತದೆಂದು ಸ್ವಂತ ಹೊಲದ ಬದು ತೋರಿಸುವಂತೆ ತೋರಿಸುತ್ತಿದ್ದರು. ಅನ್ನ ಬಿಟ್ಟರೆ ಬೇರೆ ಊಟವಿಲ್ಲವೆಂದುಕೊಂಡಿದ್ದ ಮೈಸೂರಿನ ನಾನು, ಇದೆಂಥ ಹುಚ್ಚು ಎಂದು ನಗುತ್ತಿದ್ದೆ.

ತೊಂಬತ್ತರ ಆಗಸ್ಟಿನಲ್ಲಿ ಇರಾಕಿನ ಸೇನೆ ನುಗ್ಗಿತು. ಕೆಲಸಕ್ಕೆ ಹೋಗಿದ್ದ ನಮ್ಮ ಯಜಮಾನರು ದಕ್ಷಿಣದ ಅಹ್ಮದಿ ಪಟ್ಟಣದಲ್ಲೇ ಸಿಕ್ಕಿಬಿದ್ದರು. ಫೋನು ಸತ್ತಿತ್ತು. ಪುಟ್ಟ ಮಗಳನ್ನು ಕಟ್ಟಿಕೊಂಡು ನಾನು ಕಿಟಕಿ ಕಾಯುತ್ತಿದ್ದೆ. ಮಾಸ್ತರರು ಸಂಜೆಯಾದರೆ ಪರಾತ ಹಿಡಿದು ನಮ್ಮ ಅಡುಗೆಮನೆಗೇ ಬರತೊಡಗಿದರು. ಬತು ಖಾನನ ಮಂಗೋಲ ದಂಡು ಕೊಜೆಲ್ಸ್ಕನ್ನು ಮುತ್ತಿದ್ದು, ರಾಜ ಇನ್ನೂ ಎಳೆಯ ಹುಡುಗನಾಗಿದ್ದರೂ ಊರು ಬಾಗಿಲು ತೆರೆಯದೆ ಏಳು ವಾರ ನಿಂತದ್ದು, ಎಲ್ಲ ಹಿಟ್ಟಿನಲ್ಲೇ ನಡೆಯಿತು.

“ದೆನ್ ವಾಟ್, ಅಂಕಲ್?” ಎನ್ನುತ್ತಿದ್ದಳು ಮಗಳು. ಸರಿಯಾಗಿ ಆಗಲೇ ಅವರಿಗೆ ಹಂಚು ಕಾದದ್ದು ನೆನಪಾಗುತ್ತಿತ್ತು.

ಭಾರತಕ್ಕೆ ಮರಳುವವರಿಗಾಗಿ ಇರಾಕಿನ ಬಸ್ರಾ ದಾರಿಯಾಗಿ ಬಸ್ಸು ಗೊತ್ತಾಯಿತು. ಗಂಡನನ್ನು ಬಿಟ್ಟು ಹೊರಡುವುದಿಲ್ಲವೆಂದು ನಾನು ಹಟ ಹಿಡಿದೆ. ಅದೇ ಬಸ್ಸಿನಲ್ಲಿ ಮಾಸ್ತರರಿಗೂ ಸೀಟಿತ್ತು; ಬಿಟ್ಟುಕೊಟ್ಟರು.

“ನೀವು ಕೂಸಿನ್ನ ಕರ್ಕೊಂಡು ಹೋಗ್ರಿ, ತಂಗಿ. ಅವ್ರು ಬಂದಾಗ ಬಾಗಲಾ ತಗೀಲಿಕ್ಕೆ ಒಬ್ರು ಬೇಕಲಾ, ನಾ ಇರ್ತೇನಿ.”

ನಾನು ಅವರನ್ನು ನೋಡಿದ್ದು ಅದೇ ಕೊನೆ.

ಅಕ್ಟೋಬರಿನಲ್ಲಿ ನಮ್ಮವರು ಗಡ್ಡ ಬಿಟ್ಟುಕೊಂಡು ಮೈಸೂರಿಗೆ ಬಂದಿಳಿದರು. ಬಾಗಿಲು ತೆರೆದು, ರೊಟ್ಟಿ ಬಡಿದು ಉಣಿಸಿ, ಬಸ್ಸು ಹತ್ತಿಸಿದ್ದು ಮಾಸ್ತರರೇ. ಇನ್ನೂ ಯಾರದೋ ಮನೆಯವರು ಬರಬೇಕೆಂದು ತಾವು ಉಳಿದರಂತೆ. ಮಗಳಿಗೊಂದು ಮಾತು ಹೇಳಿ ಕಳಿಸಿದ್ದರು:

“ಕೂಸು ಕೇಳ್ತಿತ್ತು, ನಾ ಹೇಳ್ಲಿಲ್ಲ. ಏಳು ವಾರ ಆದಮ್ಯಾಲೆ ಊರು ಬಿತ್ತು, ಒಳಗಿದ್ದವ್ರು ಯಾರೂ ಉಳೀಲಿಲ್ಲ. ಮತ್ತ ಮಂದಿ ಬಂದ್ರು, ಅಲ್ಲೇ ಕಟ್ಟಿದ್ರು. ಇವತ್ತಿಗೂ ಅದ. ಎರಡೂ ಹೇಳ್ರಿ ಆಕಿಗೆ.”

ಆಮೇಲೆ ಅವರ ಸುದ್ದಿ ಸಿಗಲೇ ಇಲ್ಲ. ಎಷ್ಟು ವಿಚಾರಿಸಿದೆವು!

ಮರುವರ್ಷ ಕುವೈತ್ ಬಿಡುಗಡೆಯಾಗಿ ನಾವು ಅದೇ ಮನೆಗೆ ಮರಳಿದೆವು. ಎದುರು ಬಾಗಿಲಿಗೆ ಬೀಗ. ನಮ್ಮ ಅಡುಗೆಮನೆಯಲ್ಲಿ ಅವರ ಪರಾತ ತೊಳೆದು ಬೋರಲು ಹಾಕಿತ್ತು. ಅಂದು ನಾನು ಮೊದಲ ಸಲ ರೊಟ್ಟಿಗೆ ಕೂತೆ. ಹಿಟ್ಟು ಸುರಿದದ್ದೇ ತಡ, ಮಗಳು ಬೆರಳಿಳಿಸಿ ನದಿ ಕೊರೆದಳು.