ಟ್ರೇಲರ್ ಏರಿದ ಲಾರಿ

ಬೆಳಿಗ್ಗೆ ಎಂದಿನಂತೆ ಹಾಲು ಕಾಯಿಸಿ, ಫ್ಲಾಸ್ಕಿಗೆ ಚಹಾ ತುಂಬಿ ಕುಷಾಯಿಗೂಡದ ನಮ್ಮ ಮನೆಯಿಂದ ಹೊರಟೆವು. ಇಷ್ಟು ಕಾಲ ಟ್ರೇಲರ್ ಎಳೆದ ನಮ್ಮ ಲಾರಿ, ಎಂಜಿನ್ ಕೆಟ್ಟು, ಇಂದು ತಾನೇ ಇನ್ನೊಬ್ಬರ ಟ್ರೇಲರ್ ಏರಿತ್ತು. ಬೀದರಿನಲ್ಲಿರುವ ಮೈದುನ ಅದನ್ನು ಕೊಂಡಿದ್ದ. ಅವನು ತನ್ನನ್ನೂ ಕೆಲಸಕ್ಕೆ ಇಟ್ಟುಕೊಳ್ಳುತ್ತಾನೋ ಇಲ್ಲವೋ ಎಂಬ ಚಿಂತೆ ನಮ್ಮ ಡ್ರೈವರ್ ಬಸಣ್ಣನಿಗೆ. ಆದರೂ ರೂಢಿಯಂತೆ ಮೇಲೆ ಹತ್ತಿ ಲಾರಿಯ ಗಾಲಿಗಳ ಕೆಳಗೆ ನಿಂಬೆಹಣ್ಣು ಇಟ್ಟ.

“ನಿನ್ನ ಲಾರಿ ಕುಂತು ಹೊಂಟೈತಿ ಮಾರಾಯ, ಗಾಲಿ ಹೆಂಗ ತಿರುಗತಾವ? ನನ್ನವಕ್ಕ ಇಡು,” ಎಂದು ಟ್ರೇಲರಿನ ಡ್ರೈವರ್ ನಕ್ಕ.

ಬಸಣ್ಣ ನಗಲಿಲ್ಲ. ಹಣ್ಣುಗಳನ್ನು ತೆಗೆದು ಟ್ರೇಲರಿನ ಗಾಲಿಗಳಿಗೆ ಇಟ್ಟ.

ಸಂಜೆ ಬೀದರಿನಲ್ಲಿ ಲಾರಿ ಇಳಿಸುವಾಗ ಮೈದುನನ ಪಕ್ಕದ ಮನೆಯಾಕೆ ನನ್ನನ್ನು ಕೇಳಿದರು: “ನಿಮ್ಮ ಮೈದುನ ಈ ಡ್ರೈವರ್‌ಗ ಅಂತ ನಮ್ಮ ಹಿಂದಿನ ಖೋಲಿ ಬಾಡಿಗಿ ಹಿಡದಾರ. ಅವ ಭಾಳ ಗೊರಕಿ ಹೊಡಿತಾನೇನ್ರಿ?”