ಡೋಲಿನಾಳ ಟಗರು ಲಾಟರಿ

ಹೆಸರಿನಲ್ಲೇ ಡೋಲು ಇದ್ದರೂ ಡೋಲಿನಾಳಿಗೆ ತಾಳಜ್ಞಾನ ಅಪ್ಪಿತಪ್ಪಿಯೂ ಇರಲಿಲ್ಲ. ಚಿಕ್ಕವಳಿದ್ದಾಗ ಚರ್ಚಿನಲ್ಲಿ ಹಾಡಲು ಸೇರಿದ್ದಳು. ಪಾದ್ರಿಗಳು ಅವಳನ್ನು ಹಾಡುವುದರಿಂದ ಬಿಡಿಸಿ ಗಂಟೆ ಹೊಡೆಯುವ ಕೆಲಸ ಕೊಟ್ಟರು. ಸ್ವಲ್ಪ ದಿನದಲ್ಲೇ ಅದನ್ನೂ ಕಿತ್ತುಕೊಂಡರು. ಮುಂದೆ ಅವಳು ನಮ್ಮ ಯೂಯಿಸ್ಟ್ ದ್ವೀಪದ ಹಡಗುಕಟ್ಟೆಯಲ್ಲಿ ಹಗ್ಗ ಬಿಗಿಯುವ ಕೆಲಸಕ್ಕೆ ಸೇರಿದಳು.

ಮಕ್ಕಳಿಗೆ ಬ್ಯಾಗ್‌ಪೈಪ್, ಪಿಟೀಲು ಕಲಿಸುತ್ತಿದ್ದ ಈನಿಯಸ್ ಮೇಷ್ಟ್ರ ಸಂಬಳವನ್ನು ಮೇಲಿನವರು ನಿಲ್ಲಿಸಿದಾಗ ಊರಿನವರೆಲ್ಲ ಸಭಾಂಗಣದಲ್ಲಿ ಸೇರಿ ನಿಟ್ಟುಸಿರು ಬಿಟ್ಟರು. ಎದ್ದು ನಿಂತವಳು ಡೋಲಿನಾ ಒಬ್ಬಳೇ.

"ನಿಟ್ಟುಸಿರಲ್ಲಿ ಪೈಪ್ ಊದೋಕಾಗುತ್ತಾ? ಮಕ್ಕಳಿಗೆ ಅಂತ ಒಂದು ನಿಧಿ ಮಾಡೋಣ. ಲಾಟರಿ ಇಡೋಣ. ಬಹುಮಾನಕ್ಕೆ ನಮ್ಮನೆ ಟಗರು."

"ನಿನಗ್ಯಾಕಮ್ಮ ಸಂಗೀತದ ಉಸಾಬರಿ?" ಎಂದು ಯಾರೋ ಕಿಚಾಯಿಸಿದರು.

"ನನಗೆ ಬರಲಿಲ್ಲ ಅಂತ, ಬರೋ ಮಕ್ಕಳ ಕೈಯಿಂದಲೂ ಕಿತ್ಕೋಬೇಕಾ?" ಎಂದಳು. ಅವಳ ದನಿ ಸ್ವಲ್ಪ ನಡುಗಿದ್ದು ಪಕ್ಕದಲ್ಲೇ ಕೂತಿದ್ದ ನನಗೆ ಕೇಳಿಸಿತು.

ಟಗರಿನ ಹೆಸರು ಬಿಷಪ್. ಮುಖದ ತುಂಬ ಗಾಂಭೀರ್ಯ, ತಲೆಯ ತುಂಬ ಗುದ್ದಾಟ. ಮೊದಲ ವರ್ಷ ಅದನ್ನು ಗೆದ್ದವರು ಪಾದ್ರಿಗಳೇ. ಮರುದಿನ ಬೆಳಿಗ್ಗೆ ಕುಂಟುತ್ತ ಬಂದು, "ಇದನ್ನ ಮಕ್ಕಳ ನಿಧಿಗೇ ದಾನ ಮಾಡ್ತಿದ್ದೀನಿ ಡೋಲಿನಾ. ದಯವಿಟ್ಟು ಬೇಗ ತಗೊಂಡ್ಹೋಗು" ಎಂದರು. ಆ ಭಾನುವಾರದ ಪ್ರವಚನ ನರಕದ ಬಗ್ಗೆ ಇತ್ತು.

ಮುಂದಿನ ವರ್ಷ ಗೆದ್ದ ಅಂಚೆಯವನೂ ಹಾಗೆಯೇ ಉದಾರಿಯಾದ. ಒಂದೇ ಟಗರು ವರ್ಷವರ್ಷವೂ ಬಹುಮಾನವಾಯಿತು. "ದುಡ್ಡು ತಗೋ ಮಾರಾಯ್ತಿ, ಚೀಟಿ ಮಾತ್ರ ಬೇಡ" ಎಂದು ಕೆಲವರು ಹಿಂದೆ ಸರಿಯುತ್ತಿದ್ದರು. ಇನ್ನು ಕೆಲವರು ಚೀಟಿಯಲ್ಲಿ ತಮಗಾಗದವರ ಹೆಸರು ಬರೆಸತೊಡಗಿದರು. ಡೋಲಿನಾ ಕಂಡೂ ಕಾಣದಂತಿದ್ದಳು. ಊರಲ್ಲಿ ದ್ವೇಷ ಹೆಚ್ಚಿದಂತೆ ಪಿಟೀಲುಗಳೂ ಹೆಚ್ಚಿದವು.

ಎಡಿನ್‌ಬರೋದಿಂದ ಬಂದು ನೆಲೆಸಿದ್ದ ಹಲ್ಲಿನ ಡಾಕ್ಟರ್ ರೆನ್ನಿ, ಪಕ್ಕದ ಮನೆಯ ಮುರ್ಡಿನಾಳ ಹುಂಜ ನಿದ್ದೆಗೆಡಿಸುತ್ತದೆಂದು ದೂರಿದ್ದರು. ಆ ವರ್ಷ ಮುರ್ಡಿನಾ ಕಂತೆಗಟ್ಟಲೆ ಚೀಟಿ ಕೊಂಡಳು, ಎಲ್ಲವೂ ಡಾಕ್ಟರ ಹೆಸರಿನಲ್ಲಿ. ಬಿಷಪ್ ಅವರ ಪಾಲಾಯಿತು.

ಡಾಕ್ಟರಿಗೆ ಹಿಗ್ಗೋ ಹಿಗ್ಗು. ತಿಂಗಳಾದರೂ ಟಗರು ಮರಳಲಿಲ್ಲ. ಡೋಲಿನಾ ಕಂಗಾಲಾಗಿ ನೋಡಲು ಹೋದಳು. ಬಿಷಪ್ ಡಾಕ್ಟರ ಅಂಗೈಯಿಂದ ಓಟ್ಸ್ ರೊಟ್ಟಿ ತಿನ್ನುತ್ತ ನಿಂತಿತ್ತು.

"ಪಾಪ, ಇದರ ದವಡೆ ಹಲ್ಲು ಕೊಳೆತಿತ್ತು ಡೋಲಿನಾ. ಕಿತ್ತುಹಾಕಿದೆ. ಈಗ ನೋಡಿ, ಮಗು ಥರ ಇದೆ!"

"ಅಯ್ಯೋ ಡಾಕ್ಟ್ರೇ, ನೀವು ಕಿತ್ತಿದ್ದು ಟಗರಿನ ಹಲ್ಲಲ್ಲ, ನಮ್ಮ ನಿಧಿದು!" ಎಂದು ಡೋಲಿನಾ ಅಂಗಳದ ಕಲ್ಲುಗೋಡೆಯ ಮೇಲೆ ದೊಪ್ಪನೆ ಕೂತಳು. ಎಲ್ಲವನ್ನೂ ಹೇಳಬೇಕಾಯಿತು.

ಡಾಕ್ಟರ ಮುಖ ಚಿಕ್ಕದಾಯಿತು. "ಅಂದ್ರೆ, ಯಾರಿಗೂ ನನ್ನ ಕಂಡ್ರೆ ಆಗಲ್ಲ ಅಂತ ನಾನು ಗೆದ್ದಿದ್ದಾ?"

"ಯಾರಿಗೂ ಅಂತಲ್ಲ ಡಾಕ್ಟ್ರೇ. ಮುರ್ಡಿನಾಗೆ ಮಾತ್ರ." ಅವರ ಕಣ್ಣು ನೋಡಲಾಗದೆ ಡೋಲಿನಾ ಟಗರಿನ ಕಿವಿ ಕೆರೆದಳು.

ಡಾಕ್ಟರ್ ಕೊನೆಗೆ ಮೀಸೆಯಡಿಯಲ್ಲೇ ನಕ್ಕರು. "ನಮ್ಮಜ್ಜನ ಕಾಲದ್ದು, ಹಲ್ಲು ಕೊರೆಯೋ ಯಂತ್ರ ಇದೆ. ಕಾಲಲ್ಲಿ ತುಳಿಯೋದು. ಕುರ್ಚಿ ಸಮೇತ ಇದೆ. ಟಗರಿನ ಬದಲು ಬಹುಮಾನಕ್ಕೆ ಆಗುತ್ತಾ?"

ಮರುವರ್ಷ ಸಭಾಂಗಣದ ಬಾಗಿಲಿಗೆ ಪ್ರಕಟಣೆ ಅಂಟಿತು: ಬಹುಮಾನ, ಡಾಕ್ಟರ್ ರೆನ್ನಿಯವರ ಕುರ್ಚಿಯಲ್ಲಿ ಇಡೀ ಒಂದು ಬೆಳಿಗ್ಗೆ. ಕುರ್ಚಿ, ಯಂತ್ರ ಎರಡನ್ನೂ ಅಲ್ಲೇ ಪ್ರದರ್ಶನಕ್ಕಿಟ್ಟಿದ್ದರು. ಡಾಕ್ಟರ್ ಬಂದವರಿಗೆಲ್ಲ ಒಮ್ಮೆ ತುಳಿದು ಸದ್ದು ಕೇಳಿಸುತ್ತಿದ್ದರು. ಚೀಟಿಗಳನ್ನು ಮತ್ತೆ ಅಚ್ಚು ಹಾಕಿಸಬೇಕಾಯಿತು. ಅಳಿಯಂದಿರು ಅತ್ತೆಯರ ಹೆಸರು ಬರೆಸಿದರು, ಅತ್ತೆಯರು ಅಳಿಯಂದಿರ ಹೆಸರು. ಮುರ್ಡಿನಾ ಮಾತ್ರ ಆ ವಾರವೇ ಹುಂಜವನ್ನು ಸಾರು ಮಾಡಿ ಡಾಕ್ಟರಿಗೆ ಒಂದು ಬಟ್ಟಲು ಕೊಟ್ಟುಬಂದಳು.

ಲಾಟರಿಯ ರಾತ್ರಿ ಸಭಾಂಗಣದಲ್ಲಿ ಊರವರ ಕುಣಿತದ ನಡುವೆ ಡೋಲಿನಾ ಚೀಟಿ ಎತ್ತಿದಳು. ಗೆದ್ದವನು, ಮೀನು ಹಿಡಿಯುವ ಕೆಲಸ ಬಿಟ್ಟು ಎಷ್ಟೋ ವರ್ಷವಾಗಿದ್ದ ಮುದುಕ ಲಾಕ್ಲನ್.

"ಅಯ್ಯೋ ಪಾಪ! ಈ ತಾತನ ಹೆಸರು ಯಾರಪ್ಪಾ ಬರೆಸಿದ್ದು?" ಎಂದು ಗುಂಪಿನಿಂದ ಯಾರೋ ಕೂಗಿದರು.

"ನಾನೇ" ಎಂದು ಲಾಕ್ಲನ್ ಮುಂದೆ ಬಂದು ಬಾಯಿ ಅಗಲಿಸಿ ತೋರಿಸಿದ. ಒಳಗೆ ಒಂದು ಹಲ್ಲೂ ಇರಲಿಲ್ಲ. "ಈ ದ್ವೀಪದಲ್ಲಿ ಹೆದರದೆ ಚೀಟಿ ಕೊಂಡೋನು ನಾನೊಬ್ನೇ. ಯಂತ್ರ ನೀವೇ ಇಟ್ಕೊಳ್ಳಿ ಡಾಕ್ಟ್ರೇ. ಕುರ್ಚಿ ಕೊಡಿ."

ನಕ್ಕು ನಕ್ಕು ಸುಸ್ತಾದ ಡಾಕ್ಟರ್ ಕೊಟ್ಟೇಬಿಟ್ಟರು. ಈಗ ಆ ಕುರ್ಚಿ ಸಭಾಂಗಣದ ಮುಂದಿನ ಸಾಲಿನಲ್ಲಿದೆ. ಗುರುವಾರ ಸಂಜೆ ಮಕ್ಕಳ ಅಭ್ಯಾಸ ನಡೆಯುವಾಗ ಲಾಕ್ಲನ್ ಅದರಲ್ಲಿ ಕಾಲು ಚಾಚಿ ಒರಗಿರುತ್ತಾನೆ. ಪಿಟೀಲು ಅಪಸ್ವರ ನುಡಿದಾಗಲೆಲ್ಲ ಹಲ್ಲುನೋವು ಬಂದವನಂತೆ ದವಡೆ ಹಿಡಿದುಕೊಂಡು ನರಳುತ್ತಾನೆ. ಮಕ್ಕಳು ಬಿದ್ದು ಬಿದ್ದು ನಗುತ್ತಾರೆ, ಈನಿಯಸ್ ಮೇಷ್ಟ್ರು ಗದರುತ್ತಾರೆ. ಡೋಲಿನಾ ಅವನ ಕೈಗೊಂದು ಚಹಾ ಕೊಟ್ಟು ಬಾಯಿ ಮುಚ್ಚಿಸುತ್ತಾಳೆ. ಮಕ್ಕಳು ಮತ್ತೆ ಮೊದಲಿನಿಂದ ನುಡಿಸುತ್ತಾರೆ.