ಹಡಗಿನಲ್ಲಿ ನಮ್ಮನ್ನು ವಿಚಾರಿಸಿದವರು

ದೆವ್ವ, ಗಾಳಿ, ಮೈಮೇಲೆ ಬರುವುದು, ಇಂಥ ಮಾತು ಶುರುವಾದರೆ ಎದ್ದು ಒಳಗೆ ಹೋಗುತ್ತಿದ್ದವಳು ನಾನು. ಬಾಯಿ ಬಿಟ್ಟುಕೊಂಡು ಕೇಳುತ್ತ ಕೂತವರನ್ನು ಕಂಡರೆ ನಗುತ್ತಿದ್ದೆ ಕೂಡ. ರಾಣೆಬೆನ್ನೂರಿನಲ್ಲಿ ನಮ್ಮದು ಬೀಜದ ಅಂಗಡಿ. ಗಿರಾಕಿಗಳು ಪಾಕೀಟನ್ನು ಹತ್ತು ಸಲ ತಿರುವಿ ಮುರುವಿ ನೋಡಿ, ಹೋದ ವರ್ಷ ಯಾರ ಹೊಲದಲ್ಲಿ ಹೆಂಗೆ ಬಂದಿತ್ತು ಅಂತ ಕೇಳಿ, ಆಮೇಲೆ ಕೊಳ್ಳುವವರು. ಅವರ ನಡುವೆ ಕೂತು ಕೂತು ನನಗೂ ಕಣ್ಣಿಗೆ ಕಾಣದ್ದನ್ನು ನಂಬುವ ಅಭ್ಯಾಸ ತಪ್ಪಿಹೋಗಿತ್ತು. ಈಗಲೂ ನಂಬುತ್ತೇನೆ ಅಂತ ಹೇಳಲಾರೆ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ಅಷ್ಟೇ. ನೀವು ನಂಬದಿದ್ದರೆ ನನಗೆ ಬೇಸರವಿಲ್ಲ. ನಿಮ್ಮ ಜಾಗದಲ್ಲಿದ್ದರೆ ನಾನೂ ನಂಬುತ್ತಿರಲಿಲ್ಲ.

ನಮ್ಮ ಶಾಂತಕ್ಕ ನನ್ನ ಒಡಹುಟ್ಟಿದವಳು, ನನಗಿಂತ ಬಹಳ ದೊಡ್ಡವಳು. ಬ್ಯಾಡಗಿಗೆ ಕೊಟ್ಟಿದ್ದರು. ಅವಳ ಗಂಡ, ನಾನು ಮಾಮಾ ಅನ್ನುತ್ತೇನೆ, ಮೆಣಸಿನಕಾಯಿ ವ್ಯಾಪಾರದವರು. ಮನೆಯ ಹಿಂದೆಯೇ ಗೋದಾಮು. ಸುಗ್ಗಿಯಲ್ಲಿ ಆ ಮನೆಗೆ ಹೋದರೆ ನಮಗೆ ಬಾಗಿಲಲ್ಲೇ ಸೀನು ಹತ್ತುತ್ತಿತ್ತು. ಅಕ್ಕ ಅದರಲ್ಲೇ ಅಡುಗೆ ಮಾಡಿ, ಉಂಡು, ಮಲಗಿ, ಮಕ್ಕಳನ್ನು ಬೆಳೆಸಿದಳು. ಆ ಘಾಟು ಎದೆಯಲ್ಲಿ ಕೂತು ದಮ್ಮು ಶುರುವಾಯಿತು. ಔಷಧವನ್ನು ಹಬೆಯಂತೆ ಮಾಡಿ ಮೂಗಿಗೆ ಕೊಡುವ ಸಣ್ಣ ಮಷೀನು, ಕರೆಂಟಿನದು, ಹೋದಲ್ಲೆಲ್ಲ ಅವಳ ಜೊತೆಗಿರುತ್ತಿತ್ತು. ಹಾಗಂತ ಅವಳು ಹೋಗಿದ್ದಾದರೂ ಎಲ್ಲಿಗೆ? ಬೀಗರ ಮನೆ, ಆಸ್ಪತ್ರೆ, ಮದುವೆ. "ಒಮ್ಮೆ ಹಡಗ ಹತ್ತಬೇಕವಾ, ನೀರಿನ ಮ್ಯಾಲೆ ಮಲಗಬೇಕು" ಅನ್ನುತ್ತಿದ್ದಳು. ನಾವೇ ಮನಸ್ಸು ಮಾಡಿದೆವು. ನಾನು, ನಮ್ಮ ಮನೆಯವರು, ಅಕ್ಕ. ಮಾಮಾಗೆ ವ್ಯಾಪಾರ ಬಿಟ್ಟು ಬರಲಾಗಲಿಲ್ಲ.

ಟಿಕೆಟ್ ಮಾಡಿಸಿದ ನಮ್ಮೂರಿನ ಏಜೆಂಟನಿಗೆ ದಮ್ಮಿನ ವಿಷಯ, ಮಷೀನಿನ ವಿಷಯ ಬಿಡಿಸಿ ಹೇಳಿದ್ದೆ. ಅವನು ನನ್ನ ಎದುರಿಗೇ ಕಂಪನಿಗೆ ಫೋನು ಹಚ್ಚಿದ. ಆ ಕಡೆಯ ಹುಡುಗಿಯ ದನಿ ಜೇನಿನಂಥದು. ಹಡಗಿನಲ್ಲಿ ಹಗಲೂ ರಾತ್ರಿ ಡಾಕ್ಟರು ಇರುತ್ತಾರೆ, ಕರೆಂಟು ಹೋಗುವ ಪ್ರಶ್ನೆಯೇ ಇಲ್ಲ, ನಿಮ್ಮ ಅಕ್ಕ ನಮ್ಮ ಜವಾಬ್ದಾರಿ ಅಂದಳು. ಜವಾಬ್ದಾರಿ ಎಂಬ ಆ ಮಾತು ನನಗೆ ಚೆನ್ನಾಗಿ ನೆನಪಿದೆ.

ಮುಂಬಯಿಯಲ್ಲಿ ಹಡಗು ಹತ್ತಿದೆವು. ಮೊದಲ ದಿನ ಅಕ್ಕ ಸಣ್ಣ ಹುಡುಗಿಯ ಹಾಗೆ ಕುಣಿದಾಡಿದಳು. ನಮ್ಮ ಕೋಣೆ ಕೆಳಗಿನ ಅಂತಸ್ತಿನದು, ಕಿಟಕಿ ಇಲ್ಲದ್ದು. ಮಲಗಲಿಕ್ಕೆ ತಾನೆ ಅಂದುಕೊಂಡಿದ್ದೆವು. ಮಾರನೆಯ ದಿನ ಊಟ ಮುಗಿಸಿ ಅಕ್ಕ ಅಡ್ಡಾಗಿದ್ದಾಗ ಹಡಗು ಒಮ್ಮೆ ಗಡಗಡ ನಡುಗಿತು. ದೀಪ ಹೋದವು. ತಣ್ಣನೆಯ ಗಾಳಿ ಊದುವುದು ನಿಂತಿತು. ಇಂಜಿನ್ನಿಗೆ ಬೆಂಕಿ ಹತ್ತಿತ್ತು ಅಂತ ಆಮೇಲೆ ಗೊತ್ತಾಯಿತು. ಎಲ್ಲರೂ ನಿಮ್ಮ ನಿಮ್ಮ ಕೋಣೆಯಲ್ಲೇ ಇರಿ, ಗಾಬರಿಯಾಗಬೇಡಿ ಅಂತ ಧ್ವನಿವರ್ಧಕ ಎರಡು ಸಲ ಕೂಗಿತು. ಮೂರನೆಯ ಸಲ ಅರ್ಧಕ್ಕೇ ನಿಂತುಹೋಯಿತು.

ಒಳಗೆ ಸೆಕೆ, ಅದರ ಮೇಲೆ ಸುಟ್ಟ ರಬ್ಬರಿನ ವಾಸನೆ. ಅಕ್ಕನ ಉಸಿರು ಸೀಟಿ ಹೊಡೆಯತೊಡಗಿತು. ಮಷೀನಿಗೆ ಕರೆಂಟಿಲ್ಲ. ಕೈಯಲ್ಲಿ ಹಿಡಿದು ಬಾಯಿಗೆ ಊದಿಕೊಳ್ಳುವ ಔಷಧ ಕೊಟ್ಟೆ, ಅದು ಸಾಲಲಿಲ್ಲ. ನಮ್ಮ ಮನೆಯವರು ಡಾಕ್ಟರನ್ನು ಕರೆತರುತ್ತೇನೆಂದು ಓಡಿದರು. ಮೆಟ್ಟಿಲ ಬಾಗಿಲಲ್ಲಿ ಸಿಬ್ಬಂದಿ ಅವರನ್ನು ತಡೆದು ನಿಲ್ಲಿಸಿಕೊಂಡರಂತೆ. ಹಿಂದಕ್ಕೂ ಬಿಡಲಿಲ್ಲ, ಮುಂದಕ್ಕೂ ಬಿಡಲಿಲ್ಲ. ಆ ಸಲದ ಪ್ರಯಾಣಕ್ಕೆ ಡಾಕ್ಟರು ಹಡಗು ಹತ್ತಿರಲೇ ಇಲ್ಲ ಎಂಬುದು ನಮಗೆ ಗೊತ್ತಾದದ್ದು ಬಹಳ ತಡವಾಗಿ.

ಮೊಬೈಲಿನ ಬೆಳಕಿನಲ್ಲಿ ಅಕ್ಕನ ತುಟಿ ನೀಲಿಯಾಗುವುದನ್ನು ನೋಡುತ್ತ ನಾನೊಬ್ಬಳೇ ಕೂತಿದ್ದೆ. ಆಗ ಯಾರೋ ಬಾಗಿಲು ಬಡಿದರು. ತೆಗೆದೆ. ಕೈಯಲ್ಲಿ ಬ್ಯಾಟರಿ ಹಿಡಿದ ಒಬ್ಬರು ನಿಂತಿದ್ದರು. ಐವತ್ತು ದಾಟಿದ ಆಳು, ಹಡಗಿನವರ ಬಿಳಿ ಅಂಗಿ, ಬರಿಗಾಲು.

"ತಂಗೀ, ಅಕ್ಕಾರ್ನ ಎಬ್ಬಸ್ರಿ. ಇಲ್ಲಿ ಕುಂತ್ರ ಆಗೂದಿಲ್ಲ. ಮ್ಯಾಲೆ ಗಾಳಿ ಐತಿ" ಅಂದರು.

"ಎಲ್ಲಾರೂ ಒಳಗ ಇರ್ರಿ ಅಂತ ಹೇಳ್ಯಾರಲ್ರಿ?"

"ಹೇಳ್ತಾರ. ಹೇಳಿದವ್ರು ತಾವು ಮ್ಯಾಲೆ ಗಾಳ್ಯಾಗ ಅದಾರ. ಬರ್ರಿ."

ನಡುಸಮುದ್ರದಲ್ಲಿ ನಮ್ಮ ಕಡೆಯ ಮಾತು ಕೇಳಿದ್ದು ವಿಚಿತ್ರ ಅಂತ ನನಗೆ ಆಗ ಅನ್ನಿಸಲೇ ಇಲ್ಲ. ಯಾರೋ ಬಂದರಲ್ಲ ಎಂಬುದಷ್ಟೇ ತಲೆಯಲ್ಲಿತ್ತು. ಅಕ್ಕನ ತೋಳು ನನ್ನ ಹೆಗಲಿಗೆ ಹಾಕಿಕೊಂಡು ಹೊರಟೆ. ಅವರು ಮುಂದೆ ಬೆಳಕು ಹಿಡಿದು ನಡೆದರು. ನಾಲ್ಕು ಹೆಜ್ಜೆಗೊಮ್ಮೆ ಅಕ್ಕ ನಿಂತರೆ ಅವರೂ ನಿಲ್ಲುತ್ತಿದ್ದರು, ಒಂದು ಸಲವೂ ಅವಸರ ಮಾಡಲಿಲ್ಲ. ಪ್ರಯಾಣಿಕರ ಮೆಟ್ಟಿಲಲ್ಲ ಅದು. ಕೆಲಸದವರದು, ಕಬ್ಬಿಣದ್ದು, ಕಡಿದು. ತುದಿಯಲ್ಲಿ ಒಂದು ಬಾಗಿಲು. ಅವರು ಭುಜ ಕೊಟ್ಟು ನೂಕಿದರು. ಬಿಸಿಲು ಕಣ್ಣಿಗೆ ಹೊಡೆಯಿತು.

ಹಡಗಿನ ಹಿಂಭಾಗದ ಒಂದು ಸಣ್ಣ ತೆರೆದ ಕಟ್ಟೆ. ದಪ್ಪ ಹಗ್ಗದ ಸುರುಳಿಗಳು, ಸುತ್ತ ನೀರು, ಭೋರೆಂದು ಗಾಳಿ. ಅಕ್ಕನನ್ನು ಹಗ್ಗದ ಸುರುಳಿಯ ಮೇಲೆ ಕೂಡಿಸಿದೆ. ಸ್ವಲ್ಪ ಹೊತ್ತಿಗೆ ಅವಳ ಎದೆಯ ಸೀಟಿ ಇಳಿಯಿತು. ಅವರು ಎಲ್ಲಿಂದಲೋ ಸ್ಟೀಲಿನ ತಂಬಿಗೆಯಲ್ಲಿ ನೀರು ತಂದು ಕೊಟ್ಟರು.

"ಸಾವಕಾಶ ಕುಡೀರಿ ಶಾಂತಕ್ಕಾ."

ನಾನು ಅಕ್ಕನ ಹೆಸರು ಹೇಳಿರಲಿಲ್ಲ. ಇದೂ ನನಗೆ ಹೊಳೆದದ್ದು ಆಮೇಲೆಯೇ. ಅಕ್ಕ ನೀರು ಕುಡಿದು, ಬಾಯಿ ಒರೆಸಿಕೊಂಡು, "ಯಾವೂರ್ರೀ ನಿಮ್ದು?" ಅಂತ ಕೇಳಿದಳು.

"ಹೊಸರಿತ್ತಿ ಕಡೆಯವ್ರವಾ ನಾವು."

"ನೋಡ್ರಿ! ಎಲ್ಲಿ ಹೊಸರಿತ್ತಿ, ಎಲ್ಲಿ ಸಮುದ್ರ" ಅಂತ ಅಕ್ಕ ನಕ್ಕಳು. ಅವರೂ ನಕ್ಕರು. ತಂಬಿಗೆ ತೆಗೆದುಕೊಂಡು ಎದ್ದರು. "ಇಲ್ಲೇ ಕುಂದರ್ರಿ. ಯಾರು ಕರದ್ರೂ ಕೆಳಗ ಇಳೀಬ್ಯಾಡ್ರಿ. ನಾ ಉಳಿದವ್ರನ್ನ ನೋಡಿ ಬರ್ತೇನಿ" ಅಂದವರು ಅದೇ ಬಾಗಿಲಿನಿಂದ ಒಳಗೆ ಹೋದರು.

ಮತ್ತೆ ಬರಲಿಲ್ಲ.

ಹೊತ್ತು ಇಳಿಯುವವರೆಗೂ ನಾವಿಬ್ಬರೂ ಅಲ್ಲೇ ಕೂತಿದ್ದೆವು. ಅಕ್ಕನ ಮುಖಕ್ಕೆ ಬಣ್ಣ ಬಂದಿತ್ತು. ಆಮೇಲೆ ಮೇಲಿನ ಅಂತಸ್ತಿನ ಕಟಾಂಜನದಿಂದ ಯಾರೋ ಕೂಗಿದರು. ನಮ್ಮ ಮನೆಯವರು, ಅವರ ಜೊತೆ ಹಡಗಿನ ಇಬ್ಬರು. ನಾವು ಅಲ್ಲಿಗೆ ಹೇಗೆ ಬಂದೆವು ಅಂತ ಅವರಿಗೆ ದಿಗಿಲು. ಏಣಿ ಇಳಿಬಿಟ್ಟು ಬಂದರು. ಈ ಬಾಗಿಲಿನಿಂದ ಬಂದೆವು ಅಂತ ತೋರಿಸಿದೆ. ಅವರಲ್ಲಿ ಅಧಿಕಾರಿಯಂತಿದ್ದವನು ಬಾಗಿಲನ್ನು ನೋಡಿದ, ನನ್ನನ್ನು ನೋಡಿದ. ನಾನೂ ತಿರುಗಿ ನೋಡಿದೆ. ಬಾಗಿಲಿನ ಸುತ್ತಲೂ ವೆಲ್ಡಿಂಗ್ ಮಾಡಿ ಮುಚ್ಚಿದ್ದರು. ವೆಲ್ಡಿಂಗಿನ ಮೇಲೆ ಬಣ್ಣ, ಬಣ್ಣದ ಮೇಲೆ ತುಕ್ಕು. ಇವತ್ತು ನಿನ್ನೆಯ ಕೆಲಸವಲ್ಲ ಅದು. ನಮ್ಮ ಮನೆಯವರು ನೂಕಿ ನೋಡಿದರು. ನಾನೂ ಎರಡೂ ಕೈ ಕೊಟ್ಟು ನೂಕಿದೆ. ಗೋಡೆಯನ್ನು ನೂಕಿದ ಹಾಗಾಯಿತು.

ಅದರ ಬಗ್ಗೆ ಯೋಚಿಸಲು ಅವರು ಬಿಡಲಿಲ್ಲ. ಇದು ಪ್ರಯಾಣಿಕರು ಬರುವ ಜಾಗವಲ್ಲ, ನಡೆಯಿರಿ ಅಂತ ಆ ಅಧಿಕಾರಿ ಹಿಂದಿಯಲ್ಲಿ ಗದರಿದ. ಕೆಳಗೆ ನನ್ನ ಅಕ್ಕನಿಗೆ ಉಸಿರು ಸಿಗುವುದಿಲ್ಲ, ನಿಮ್ಮ ಕಾಲಿಗೆ ಬೀಳುತ್ತೇನೆ ಅಂದೆ. ಬಿದ್ದೆ ಕೂಡ. ಇಲ್ಲಿ ನಿಮಗೇನಾದರೂ ಆದರೆ ಜವಾಬ್ದಾರಿ ಯಾರದು, ಅಂತ ಕೇಳಿದ. ಹಗ್ಗಕ್ಕೆ ಕುರ್ಚಿ ಕಟ್ಟಿ ಅಕ್ಕನನ್ನು ಮೇಲಕ್ಕೆಳೆದುಕೊಂಡರು. ಅಲ್ಲಿಂದ ಒಳಗಿನ ಗಾಳಿಯಾಡದ ಒಂದು ದೊಡ್ಡ ಹಾಲಿಗೆ ಇಳಿಸಿ, ಉಳಿದ ಪ್ರಯಾಣಿಕರ ನಡುವೆ ನೆಲದ ಮೇಲೆ ಕೂಡಿಸಿ ಬಾಗಿಲು ಹಾಕಿಕೊಂಡರು.

ನಮ್ಮ ಹಡಗನ್ನು ಎಳೆದೊಯ್ಯುವ ದೋಣಿಗಳು ಬಂದು ಹಗ್ಗ ಕಟ್ಟುವ ಹೊತ್ತಿಗೆ ಅಕ್ಕ ನನ್ನ ತೊಡೆಯ ಮೇಲಿದ್ದಳು. "ಅಂವ ಇಳೀಬ್ಯಾಡ್ರಿ ಅಂದಿದ್ದ" ಅಂದಳು. ದಂಡೆ ಮುಟ್ಟುವ ಮೊದಲೇ ಹೋದಳು.

ಬಂದರಿನಲ್ಲಿ ಕಂಪನಿಯವರು ಪ್ರತಿಯೊಬ್ಬರಿಗೂ ಒಂದು ನೀರಿನ ಬಾಟಲಿ, ಮತ್ತೊಮ್ಮೆ ಬಂದರೆ ರಿಯಾಯಿತಿ ಅಂತ ಒಂದು ಕೂಪನ್ನು ಹಂಚಿದರು. ಹೆಣದ ಪಕ್ಕದಲ್ಲಿ ನಿಂತಿದ್ದ ನನ್ನ ಕೈಗೂ ಕೊಟ್ಟರು. ಬ್ಯಾಡಗಿಯವರೆಗೆ ಅಕ್ಕನನ್ನು ನಾವೇ ತಂದೆವು. ಮಾಮಾ ಗೋದಾಮಿನ ಬಾಗಿಲಲ್ಲಿ ನಿಂತಿದ್ದರು. "ಹಡಗಿನವ್ರು ಯಾರೂ ನನಗ ಫೋನ್ ಮಾಡ್ಲಿಲ್ಲವಾ. ನೀ ಮಾಡಿದಾಗನ ಗೊತ್ತಾತು" ಅಂದರು.

ಹಾವೇರಿಯ ಗ್ರಾಹಕರ ಕೋರ್ಟಿನಲ್ಲಿ ದಾವೆ ಹಾಕಿದೆವು. ಕಂಪನಿಯ ಮೊದಲ ಉತ್ತರ ಹೀಗಿತ್ತು: ಪ್ರಯಾಣಿಕರು ಹೇಳಿದ ಮಾತು ಕೇಳದೆ ನಿಷಿದ್ಧ ಜಾಗಕ್ಕೆ ಹೋದರು, ಆಯಾಸದಿಂದ ಕಾಯಿಲೆ ಹೆಚ್ಚಾಯಿತು, ನಮ್ಮ ಹೊಣೆಯಿಲ್ಲ. ನಾನು ಸಾಕ್ಷಿ ಹೇಳುವಾಗ ನಡೆದದ್ದನ್ನೆಲ್ಲ ಹೇಳಿದೆ, ಬಂದ ಮನುಷ್ಯನ ವಿಷಯವನ್ನೂ. ತಕ್ಷಣ ಕಂಪನಿಯ ವಕೀಲ ಎದ್ದು ನಿಂತ. ನೋಡಿ, ಇವರೇ ಒಪ್ಪುತ್ತಿದ್ದಾರೆ, ನಮ್ಮ ಸಿಬ್ಬಂದಿ ಕೋಣೆಗೇ ಹೋಗಿ ವಿಚಾರಿಸಿದ್ದಾರೆ, ಗಾಳಿಗೆ ಕೂಡಿಸಿದ್ದಾರೆ, ನೀರು ಕೊಟ್ಟಿದ್ದಾರೆ, ಇದಕ್ಕಿಂತ ಹೆಚ್ಚಿನ ಕಾಳಜಿ ಯಾವುದು ಅಂದ. ನನಗೆ ಮೈ ಉರಿದುಹೋಯಿತು. ಹಾಗಾದರೆ ಅವರನ್ನು ಕರೆಸಿರಿ, ನನಗೂ ನೋಡಬೇಕು ಅಂದೆ. ನ್ಯಾಯಾಧೀಶರೂ ಕರೆಸಿ ಅಂದರು. ಮುಂದಿನ ಸಲ ಕಂಪನಿಯವರ ಮಾತು ಮತ್ತೆ ತಿರುಗಿತು. ಅಂಥವರು ನಮ್ಮಲ್ಲಿ ಯಾರೂ ಇಲ್ಲ, ಕನ್ನಡ ಬಲ್ಲವರೇ ಆ ಹಡಗಿನಲ್ಲಿರಲಿಲ್ಲ, ಉಸಿರುಗಟ್ಟಿದ ಹೆಂಗಸಿಗೆ ಏನೋ ಕಂಡಿದೆ. ಸಿಬ್ಬಂದಿಯ ಫೋಟೋಗಳನ್ನೆಲ್ಲ ತೋರಿಸಿದರು. ನಿಜ, ಆ ಮುಖ ಅವುಗಳಲ್ಲಿರಲಿಲ್ಲ.

ನಮ್ಮ ವಕೀಲರು ಒಳ್ಳೆಯವರು. ನನ್ನನ್ನು ಪಕ್ಕಕ್ಕೆ ಕರೆದು, "ಅಕ್ಕಾರ, ಆ ಮನಿಷ್ಯಾನ ಮಾತು ಬಿಟ್ಟುಬಿಡ್ರಿ. ದಾರಿ ತಪ್ಪಿ ಅಲ್ಲಿಗೆ ಹ್ವಾದ್ವಿ ಅನ್ರಿ. ಕೇಸು ಗಟ್ಟಿ ಆಗ್ತೈತಿ" ಅಂದರು.

"ಅಂವ ಬಂದಿದ್ದು ಖರೇ ಐತ್ರಿ. ನಾ ಹೆಂಗ ಬಿಡ್ಲಿ?"

"ಆ ಬಾಗ್ಲಾ ಹೆಂಗ ತಗೀತು ಅಂತ ಕೇಳ್ತಾರ. ಏನ್ ಹೇಳ್ತೀರಿ?"

ಅದು ನನಗೆ ಇವತ್ತಿಗೂ ಗೊತ್ತಿಲ್ಲ. ಆದರೂ ಬಿಡುವುದಿಲ್ಲ ಅಂದೆ. ನಮ್ಮ ಮನೆಯವರಿಗೆ ಸಿಟ್ಟು ಬಂತು, ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಅವರದೂ ತಪ್ಪಲ್ಲ. ಆದರೆ ಅಷ್ಟು ದೊಡ್ಡ ಕಂಪನಿ, ಅಷ್ಟು ಜನ ಸಂಬಳದವರು, ಅಷ್ಟು ಚೆಂದದ ಮಾತು. ಅವರೆಲ್ಲರ ಪಾಲಿನ ಕೆಲಸವನ್ನು ಆ ದಿನ ಮಾಡಿದ್ದು ಬ್ಯಾಟರಿ ಹಿಡಿದು ಬಂದ ಆ ಒಬ್ಬರೇ. ಅವರನ್ನು ಕಂಪನಿ ಅಳಿಸಿದ ಹಾಗೆ ನಾನೂ ಅಳಿಸಿದರೆ ಅಕ್ಕನಿಗೆ ಸಿಕ್ಕ ಆ ಒಂದು ಮಧ್ಯಾಹ್ನವೂ ಸುಳ್ಳಾಗುತ್ತದೆ. ಕೇಸು ಇನ್ನೂ ನಡೆದಿದೆ. ಸೋಲುತ್ತೇವೆ ಅಂತ ಹೇಳುವವರೇ ಹೆಚ್ಚು.

ಹೋದ ತಿಂಗಳು ಯಾರಿಗೂ ಹೇಳದೆ ಹೊಸರಿತ್ತಿಗೆ ಹೋಗಿದ್ದೆ. ಬಸ್ಸಿಳಿದು ಚಹಾದಂಗಡಿಯಲ್ಲಿ, ಕಿರಾಣಿ ಅಂಗಡಿಯಲ್ಲಿ, ಕಟ್ಟೆಯ ಮೇಲೆ ಕೂತ ಹಿರಿಯರಲ್ಲಿ ವಿಚಾರಿಸಿದೆ. ಹಡಗಿನ ಕೆಲಸಕ್ಕೆ ಹೋದವರು ಈ ಕಡೆ ಯಾರಾದರೂ ಇದ್ದಾರೆಯೇ, ಇದ್ದರೇ, ಅಂತ. ಹೇಗಿದ್ದರು ಅಂತ ಕೇಳಿದವರಿಗೆಲ್ಲ ಬಣ್ಣಿಸಿ ಹೇಳಿದೆ. ಅಂಥವರು ಯಾರೂ ಇಲ್ಲ, ನಮ್ಮ ಅಜ್ಜನ ಕಾಲದಲ್ಲೂ ಸಮುದ್ರಕ್ಕೆ ಹೋದವರನ್ನು ಕೇಳಿಲ್ಲ ಅಂದರು. ಸುತ್ತಲಿನ ಹಳ್ಳಿಗಳ ಹೆಸರು ಹೇಳಿ ಅಲ್ಲೂ ಇಲ್ಲ ಅಂದರು. ಕಟ್ಟೆಯ ಮೇಲಿದ್ದ ಒಬ್ಬ ಮುದುಕರು, "ಅವ್ರು ನಿಮಗೇನು ಆಗಬೇಕಿತ್ರೀ?" ಅಂತ ಕೇಳಿದರು.

"ಏನೂ ಇಲ್ರೀ ಅಜ್ಜಾರ" ಅಂದೆ. "ನಮ್ಮಕ್ಕಂದು ವರ್ಷದ ಪೂಜಿ ಐತ್ರಿ. ಊಟಕ್ಕ ಕರೀಬೇಕಾಗಿತ್ತು."